ಹಾಳಾದ ಮೌನಗಳು

ಅವಳಿಗೆ ಅಳು ಬರುತ್ತಿರಲಿಲ್ಲ.

ದುಃಖವೇ ಆಗುತ್ತಿರಲಿಲ್ಲ ಎಂದಲ್ಲ. ಆಗುತ್ತಿತ್ತು. ಗಂಟಲು ಕಟ್ಟುತ್ತಿತ್ತು, ಎದೆಯ ಮೇಲೆ ಯಾರೋ ಹತ್ತಿ ಕೂತಂತಾಗುತ್ತಿತ್ತು. ಆಮೇಲೆ ಏನೂ ಇಲ್ಲ. ಕಣ್ಣು ಒಣಗಿದ್ದು ಒಣಗಿದ ಹಾಗೇ.

ಅಮ್ಮ ತೀರಿಕೊಂಡ ದಿನವೂ ಅತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಬಂಧುಗಳು ಮರೆಯುತ್ತಿದ್ದರೇನೋ. ಅವತ್ತು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅವಳು ನಕ್ಕಿದ್ದಳು. ಹೊರಗೆ ಕೂತಿದ್ದ ಚಿಕ್ಕಮ್ಮಂದಿರಿಗೆ ಅದು ಕೇಳಿಸಿತ್ತು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಅವಳ ಹೆಸರು ಕಲ್ಲು.

ಇಂಥವಳಿಗೆ ಸಿಕ್ಕಿದ್ದು, ಗಂಡನಿಗಾಗಿ ಅತ್ತು ನದಿಯನ್ನೇ ಉಕ್ಕಿಸಿದ ದೇವತೆಯ ಪಾತ್ರ.

ಮೊದಲ ದಿನವೇ ಗ್ರಹಚಾರ ಕೆಟ್ಟಿತ್ತು. ಗೋಡೆಗೆಲ್ಲ ಸ್ಪಂಜು ಹೊಡೆದ ಸಣ್ಣ ಕೋಣೆ. ಎದುರಿಗೆ ಮೈಕು, ಅದರಾಚೆ ಗಾಜು. ಅವಳು ಉಸಿರು ಬಿಗಿಹಿಡಿದು ಸಂಭಾಷಣೆ ಹೇಳಿದಳು. "ಒಸೈರಿಸ್ ಸತ್ತಿಲ್ಲ. ಚೂರಾಗಿದ್ದಾನೆ ಅಷ್ಟೆ. ಚೂರಾದದ್ದನ್ನು ಜೋಡಿಸಬಹುದು."

"ಕಟ್," ಎಂದಿತು ಹೆಡ್‌ಫೋನಿನೊಳಗೆ ಒಂದು ಗಂಡು ದನಿ. "ಇನ್ನೊಂದ್ಸಲ. ಹಿಂದೆ ಯಾರೋ ಗುರ್ ಅಂದ್ರು."

"ಯಾರೂ ಅನ್ಲಿಲ್ಲ. ಇಲ್ಲಿರೋದು ನಾನೊಬ್ಬಳೇ."

"ಹೊಟ್ಟೆ."

"ಏನು?"

"ನಿಮ್ಮ ಹೊಟ್ಟೆ ಮೇಡಂ. ಗಂಡ ಚೂರಾಗಿದ್ದಾನೆ ಅಂತ ನೀವು ಹೇಳ್ತಿದ್ರೆ, ಅದು ಊಟ ಯಾವಾಗ ಅಂತ ಕೇಳ್ತಿದೆ."

ಗಾಜಿನಾಚೆ ಯಾರೋ ಕಿಸಕ್ಕೆಂದರು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. 'ಇವನ ಬಾಯಿಗೆ ಮಣ್ಣು ಹಾಕ...' ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಬಾಗಿಲು ತೆರೆಯಿತು. ತೆಳ್ಳಗಿನ ಆಸಾಮಿ, ಕೊರಳಲ್ಲಿ ವೈರು, ಕೈಯಲ್ಲಿ ಬಾಳೆಹಣ್ಣು. ಅವಳ ಮುಖ ನೋಡದೆ ಹಣ್ಣನ್ನು ಸ್ಟೂಲಿನ ಮೇಲಿಟ್ಟ.

"ಬಿಸ್ಕತ್ತು ಬೇಡ, ಬಾಯಿ ಒಣಗತ್ತೆ. ಇದು ತಿನ್ನಿ. ಎಲ್ಲರದ್ದೂ ಕೂಗತ್ತೆ. ನಿಮ್ಮದಕ್ಕೆ ಸ್ವಲ್ಪ ಭಾವನೆ ಜಾಸ್ತಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ಒಂದೇ ಏಟಿಗೆ ಮುಗಿಯುವಂಥದ್ದಲ್ಲ. ಮೂರ್ನಾಲ್ಕು ಅಲೆಯಲ್ಲಿ ಬಂದು, ಕೊನೆಗೆ ಉಸಿರನ್ನು ಒಳಗೆಳೆದುಕೊಂಡು ನಿಲ್ಲುತ್ತಿತ್ತು, ಸೈಕಲ್ಲಿಗೆ ಬ್ರೇಕು ಹಾಕಿದ ಹಾಗೆ.

ಅವನು ಆಗ ಮೊದಲ ಸಲ ತಲೆ ಎತ್ತಿ ನೋಡಿದ.

ಎಲ್ಲರೂ ಅವನನ್ನು 'ಸೌಂಡು' ಎಂದು ಕರೆಯುತ್ತಿದ್ದರು. ನಾಟಕದ ಶಬ್ದಗಳೆಲ್ಲ ಅವನ ಜವಾಬ್ದಾರಿ. ತಾನಾಗಿ ಮಾತಾಡುವುದು ಕಡಿಮೆ.

ಅವಳ ಹಗಲಿನ ಕೆಲಸ ಬೇರೆ. ವಾಷಿಂಗ್ ಮಷೀನ್ ಕಂಪನಿಯೊಂದರಲ್ಲಿ ಫೋನಿನಲ್ಲಿ ದೂರು ಕೇಳುವುದು. ಬಟ್ಟೆ ಹರಿಯಿತು, ನೀರು ಸೋರಿತು ಎಂದು ಜನ ಬೈಯುತ್ತಿದ್ದರು. ಎಷ್ಟು ಬೈದರೂ ದನಿಯಲ್ಲಿ ನಗು ಇರಬೇಕು ಎಂಬುದು ಅಲ್ಲಿಯ ತರಬೇತಿ. ಆ ನಗುವ ದನಿ ಕೇಳಿಯೇ ಯಾರೋ ಅವಳನ್ನು ಈ ನಾಟಕಕ್ಕೆ ಕಳಿಸಿದ್ದರು. ಕಥೆಗಳ ಆ್ಯಪ್ ಒಂದಕ್ಕೆ ಕಂತು ಕಂತಾಗಿ ತಯಾರಾಗುತ್ತಿದ್ದ ಶ್ರವ್ಯ ನಾಟಕ. ಅವಳಿಗೆ ಅದು ಬರೀ ಪಾತ್ರವಲ್ಲ. ಬೈಗುಳ ಕೇಳದೆ ಬಾಯಿ ತೆರೆಯಬಹುದಾದ ಒಂದೇ ಜಾಗ.

ಕಥೆ ಪ್ರಾಚೀನ ಈಜಿಪ್ಟಿನದು, ನಡೆಯುವುದು ಮಾತ್ರ ನಕ್ಷತ್ರಗಳ ನಡುವೆ. ಒಸೈರಿಸ್ ಸೂರ್ಯನೌಕೆಯ ಕಪ್ತಾನ. ಅವನ ತಮ್ಮ ಸೆತ್ ಹೊಟ್ಟೆಕಿಚ್ಚಿನಿಂದ ನೌಕೆಯನ್ನು ಒಡೆದು, ಅಣ್ಣನ ಪ್ರಾಣವನ್ನು ಹದಿನಾಲ್ಕು ಚೂರು ಮಾಡಿ ಕತ್ತಲೆಗೆ ಎಸೆಯುತ್ತಾನೆ. ಹೆಂಡತಿ ಐಸಿಸ್ ಹದ್ದಿನಾಕಾರದ ಪುಟ್ಟ ನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹಾರಿ ಚೂರುಗಳನ್ನು ಆರಿಸುತ್ತಾಳೆ. ಜೊತೆಗೆ ತಂಗಿ ನೆಫ್ತಿಸ್. ದಾರಿಯಲ್ಲಿ ಸತ್ತವರ ಹೃದಯವನ್ನು ಗರಿಯೊಂದಿಗೆ ತೂಗುವ, ನರಿಯ ತಲೆಯ ಅನುಬಿಸ್.

ಅನುಬಿಸ್ ಮಾಡುತ್ತಿದ್ದವರು ರಂಗಭೂಮಿಯ ಹಳೆ ನಟ. ಎಲ್ಲರಿಗೂ ನರಿಮಾವ.

"ಏನಮ್ಮ ಹದ್ದು, ಇವತ್ತು ಎಷ್ಟು ಚೂರು ಸಿಕ್ತು?"

"ಒಂಬತ್ತು ಮಾವ."

"ಬೇಗ ಆರಿಸು ತಾಯಿ. ಹದಿನಾಲ್ಕನೇದು ಮೀನು ನುಂಗಿಬಿಟ್ಟಿರತ್ತೆ. ಅದು ಯಾವ ಚೂರು ಗೊತ್ತಾ? ಹಳೇ ಪುಸ್ತಕದಲ್ಲಿ..."

"ಮಾವ," ಎಂದರು ನಿರ್ದೇಶಕಿ ಕಾಗದದಿಂದ ತಲೆ ಎತ್ತದೆ. "ಮನೆಮಂದಿಯೆಲ್ಲ ಕೂತು ಕೇಳೋ ನಾಟಕ. ನಾವದನ್ನ 'ಅವನ ಹೆಸರು' ಅಂತ ಮಾಡಿದೀವಿ."

"ಪಾಪ, ಒಸೈರಿಸ್ಸಿಗೆ ಎಂಥಾ ಮೋಸ," ಎಂದರು ನರಿಮಾವ.

ಸೌಂಡು ತಾನೇ ಒಂದು ಪ್ರಪಂಚ ಕಟ್ಟುತ್ತಿದ್ದ. ಹಳೇ ಕೊಡೆಯನ್ನು ಪಟಪಟ ಬಿಚ್ಚಿ ಮುಚ್ಚಿದರೆ ಹದ್ದಿನ ರೆಕ್ಕೆ. ಕೆಟ್ಟುಹೋದ ಫ್ರಿಜ್ಜಿನ ಗುಂಯ್‌ಗುಡುವಿಕೆ ಸೂರ್ಯನೌಕೆಯ ಎಂಜಿನ್. ತಟ್ಟೆಯ ಮರಳಿನಲ್ಲಿ ಎರಡು ಬೆರಳು ನಡೆಸಿದರೆ ಸತ್ತ ಗ್ರಹದ ಮೇಲೆ ಐಸಿಸ್‌ಳ ಹೆಜ್ಜೆ. ಅವನ ಬೆರಳುಗಳು ಮರಳಿನಲ್ಲಿ ತನ್ನ ನಡಿಗೆ ನಡೆಯುವುದನ್ನು ಅವಳು ನೋಡುತ್ತ ನಿಲ್ಲುತ್ತಿದ್ದಳು.

"ನಾನು ಹೀಗಾ ನಡೆಯೋದು?"

"ಎಡಗಾಲು ಸ್ವಲ್ಪ ಎಳೀತೀರಿ."

"ಯಾವಾಗ ನೋಡಿದ್ರಿ?"

"ನೋಡಿಲ್ಲ. ಕೇಳಿದೀನಿ. ಮೆಟ್ಟಿಲ ಮೇಲೆ."

ಆ ದಿನ ಮನೆಗೆ ಹೋಗುವಾಗ ಅವಳು ಇಡೀ ದಾರಿ ತನ್ನ ಎಡಗಾಲನ್ನೇ ಕೇಳಿಸಿಕೊಳ್ಳುತ್ತ ನಡೆದಳು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ರೆಕಾರ್ಡಿಂಗ್ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮಾತಿಲ್ಲ, ಅಲುಗಾಡುವಂತಿಲ್ಲ. ಒಂದು ನಿಮಿಷ ಖಾಲಿ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ಸಂದು ಬೀಳುತ್ತದೆ. ಅದನ್ನು ತುಂಬಲು ಅದೇ ಕೋಣೆಯ ಮೌನವೇ ಬೇಕು, ಬೇರೆಯದು ಹೊಂದುವುದಿಲ್ಲ.

ಅವಳು ಮೈಕಿನ ಮುಂದೆ, ಅವನು ಗಾಜಿನಾಚೆ. ಒಂದು ನಿಮಿಷ ಒಬ್ಬರನ್ನೊಬ್ಬರು ನೋಡದೆ ಬೇರೆಲ್ಲಿ ನೋಡುವುದು?

ಅವಳಿಗೆ ಆ ನಿಮಿಷದಲ್ಲೇ ನಗು ಉಕ್ಕುತ್ತಿತ್ತು. ತುಟಿ ಕಚ್ಚಿ, ಉಸಿರು ಕಟ್ಟಿ, ಏನು ಮಾಡಿದರೂ ಕೊನೆಗೆ ಬುಸ್ಸೆಂದು ಬಂದೇ ಬಿಡುತ್ತಿತ್ತು.

"ಹಾಳಾಯ್ತು," ಎನ್ನುತ್ತಿದ್ದರು ನಿರ್ದೇಶಕಿ. "ಇನ್ನೊಂದು ನಿಮಿಷ. ನೀನು ಆಚೆ ಹೋಗಮ್ಮ."

ಅವಳು ಆಚೆ ಹೋಗಿ ಮೆಟ್ಟಿಲ ಮೇಲೆ ಕೂತು ನಗು ಮುಗಿಸುತ್ತಿದ್ದಳು. ಸೌಂಡು ಎರಡನೇ ಮೌನವನ್ನು ನಾಟಕಕ್ಕೆ ಬಳಸುತ್ತಿದ್ದ. ಹಾಳಾದ ಮೊದಲನೆಯದನ್ನು ಏನು ಮಾಡುತ್ತಿದ್ದ ಎಂದು ಯಾರೂ ಕೇಳಲಿಲ್ಲ.

ಹದಿಮೂರನೇ ಚೂರು ಸಿಕ್ಕಿದ ಕಂತು ಬಂತು.

ಐಸಿಸ್ ಸಿಕ್ಕಿದ ಹದಿಮೂರು ಚೂರುಗಳನ್ನೂ ನೌಕೆಯ ನೆಲದ ಮೇಲೆ ಜೋಡಿಸುತ್ತಾಳೆ. ದೀಪಗಳು ಹೊತ್ತುತ್ತವೆ. ಒಸೈರಿಸ್ ಮಾತಾಡುವುದಿಲ್ಲ. ಆಗ ಅವಳು ಅಳಬೇಕು. ಆ ಅಳುವಿನಿಂದ ಸತ್ತ ಗ್ರಹದ ನದಿ ಮತ್ತೆ ಹರಿಯುತ್ತದೆ. ಇಡೀ ನಾಟಕ ನಿಂತಿದ್ದೇ ಆ ಅಳುವಿನ ಮೇಲೆ.

ಅವಳು ಪ್ರಯತ್ನಿಸಿದಳು. ಬಂದದ್ದು ಕೆಮ್ಮಿನಂಥ ಏನೋ.

"ಈರುಳ್ಳಿ ತರಿಸ್ಲಾ?" ಎಂದರು ನರಿಮಾವ. ಯಾರೂ ನಗಲಿಲ್ಲ.

ಮತ್ತೆ ಪ್ರಯತ್ನಿಸಿದಳು. ಅಮ್ಮನನ್ನು ನೆನಪಿಸಿಕೊಂಡಳು. ಗಂಟಲು ಕಟ್ಟಿತು, ಎದೆ ಭಾರವಾಯಿತು, ಅಲ್ಲಿಗೆ ನಿಂತಿತು. ಎಂದಿನಂತೆ.

ನೆಫ್ತಿಸ್ ಮಾಡುತ್ತಿದ್ದ ಹುಡುಗಿ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಅಳುವುದೆಂದರೆ ನಲ್ಲಿ ತಿರುಗಿಸಿದಷ್ಟು ಸುಲಭ. ನಿರ್ದೇಶಕಿ ಒಮ್ಮೆ ಅವಳ ಕಡೆ ನೋಡಿದರು. ಒಮ್ಮೆ ಅಷ್ಟೆ. ಅದು ಸಾಕಾಯಿತು.

"ಈ ವಾರದ ಕೊನೆಗೆ ಕಂತು ಎಲ್ಲರೂ ಕೂತು ಕೇಳ್ತೀವಿ," ಎಂದರು ನಿರ್ದೇಶಕಿ. ಕಟುವಾಗಿ ಹೇಳಲಿಲ್ಲ. "ಅಷ್ಟರೊಳಗೆ ಅಳು ಬೇಕು. ಬರ್ಲಿಲ್ಲ ಅಂದ್ರೆ ಪಾತ್ರ ಅವಳಿಗೆ ಕೊಡಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಎಲ್ಲರೂ ಹೋದ ಮೇಲೆ ಅವಳು ಸೌಂಡಿನ ಮೇಜಿನ ಪಕ್ಕ ನಿಂತಳು.

"ಇನ್ನೊಂದ್ಸಲ ರೆಕಾರ್ಡ್ ಮಾಡ್ತೀರಾ?"

ಮಾಡಿದ. ಮರುದಿನವೂ ಮಾಡಿದ. ಗಂಟಲು ಕೆರೆದುಕೊಂಡು ಹೋದದ್ದೇ ಬಂತು.

"ಒಂದು ಮಾತು ಕೊಡಿ," ಎಂದಳು ಕೊನೆಗೆ. "ನಾನು ಮಾಡಿದ್ದು ಎಷ್ಟೇ ಕೆಟ್ಟದಾಗಿದ್ರೂ ಸರಿ. ಬೇರೆಯವರ ಅಳು ತಂದು ನನ್ನ ಬಾಯಿಗೆ ತುರುಕಬೇಡಿ. ಅದೊಂದು ಮಾತ್ರ ಮಾಡ್ಬೇಡಿ."

"ಇಲ್ಲ," ಎಂದ ಅವನು.

"ಆಣೆ?"

"ಮಾಡಲ್ಲ ಅಂದೆನಲ್ಲ."

ಅವಳು ನಂಬಿದಳು. ಯಾರನ್ನೂ ಸುಲಭಕ್ಕೆ ನಂಬದವಳು ನಂಬಿದಳು. ಮನೆಗೆ ಹೋಗಿ ಅಕ್ಕನಿಗೆ, "ಅಲ್ಲೊಬ್ಬ ಇದ್ದಾನೆ ಕಣೆ, ಸುಳ್ಳು ಹೇಳಲ್ಲ," ಎಂದಳು.

ಅಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. "ಸುಳ್ಳು ಹೇಳದೋನು ಹೇಗಿದ್ದಾನೆ ನೋಡೋಕೆ?"

"ನೀನು ಸುಮ್ನಿರು."

ಕೇಳುವ ದಿನ ಬಂತು. ಎಲ್ಲರೂ ಚಾಪೆಯ ಮೇಲೆ ಕೂತರು. ಸೌಂಡಿನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅವಳು ಮಾಡಿದ ಎರಡು ಫೋನಿಗೂ ಅವನು ಉತ್ತರಿಸಿರಲಿಲ್ಲ. ಅವಳಿಗೆ ಆಗಲೇ ಏನೋ ಇರಿಸುಮುರಿಸು.

ಫ್ರಿಜ್ಜಿನ ಎಂಜಿನ್ ಗುನುಗಿತು. ಮರಳಿನ ಹೆಜ್ಜೆಗಳು ಬಂದವು. "ಮಾತಾಡು," ಎಂದಿತು ಅವಳ ದನಿ, "ಸಿಕ್ಕಿದ್ದನ್ನೆಲ್ಲ ಜೋಡಿಸಿದೆ, ಮಾತಾಡು..."

ಆಮೇಲೆ ಅಳು.

ಅದು ನಾಟಕದ ಅಳು ಆಗಿರಲಿಲ್ಲ. ಎಲ್ಲೋ ಬಾವಿಯ ತಳದಿಂದ ಒಬ್ಬ ಹೆಂಗಸು ಮೇಲೆ ಹತ್ತಿ ಬರುತ್ತಿದ್ದಂತೆ ಇತ್ತು. ಅಲೆ ಅಲೆಯಾಗಿ ಎದ್ದು, ಮತ್ತೆ ಕುಸಿದು, ಕೊನೆಗೆ ದೀರ್ಘವಾಗಿ ಉಸಿರೆಳೆದುಕೊಂಡು ನಿಂತಿತು. ಆ ಮೇಲೆ ನೀರು ಹರಿಯುವ ಸದ್ದು.

ನರಿಮಾವ ಕನ್ನಡಕ ತೆಗೆದು ಒರೆಸಿಕೊಂಡರು. ನಿರ್ದೇಶಕಿ ಅವಳ ಬೆನ್ನು ತಟ್ಟಿದರು. "ಇದು ನೋಡು. ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ದಿನ?"

ಅವಳು ಬೆನ್ನು ಸರಿಸಿಕೊಂಡಳು. 'ಇದು ನಂದಲ್ಲ...'

ಮೂಲೆಯಲ್ಲಿದ್ದ ನೆಫ್ತಿಸ್ ಹುಡುಗಿ ಅವಳನ್ನು ನೋಡಿ ನಕ್ಕಳು. ಆ ಹುಡುಗಿ ನಕ್ಕಿದ್ದು ಮೆಚ್ಚುಗೆಗೆ. ಅವಳಿಗೆ ಕಂಡದ್ದು ಗೆದ್ದವಳ ನಗು.

"ಯಾರದ್ದು ಅದು?" ಎಂದು ಸೌಂಡನ್ನು ಕೇಳಿದಳು.

ಅವನು ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲೆ. ಹೇಳಬೇಕಾದದ್ದು ಇಷ್ಟು ಜನರ ಮುಂದೆ ಹೇಳುವಂಥದ್ದಾಗಿರಲಿಲ್ಲ. ಕಿವಿಯ ತುದಿ ಕೆಂಪಾಯಿತು.

"ಆಮೇಲೆ ಹೇಳ್ತೀನಿ."

"ಈಗ ಹೇಳಿ."

"ಆಮೇಲೆ... ನೀವೊಬ್ಬರೇ ಇದ್ದಾಗ."

ಅವಳಿಗೆ ಅಷ್ಟು ಸಾಕಾಗಿತ್ತು. ಎದ್ದು ನಿಂತಳು. ದನಿ ನಡುಗಲಿಲ್ಲ. ತರಬೇತಿ ಹಾಗಿತ್ತು.

"ಮೇಡಂ, ಅದು ನಾನು ಅತ್ತಿದ್ದಲ್ಲ. ಇವರು ಯಾರದ್ದೋ ತಂದು ಹಾಕಿದ್ದಾರೆ. ಅತ್ತವರಿಗೇ ಪಾತ್ರ ಕೊಟ್ಬಿಡಿ. ನಾನು ಬರ್ತೀನಿ."

"ಏಯ್, ಕೂತ್ಕೋ. ಏನಾಯ್ತು ಈಗ?" ಎಂದರು ನಿರ್ದೇಶಕಿ.

ಅವಳು ಕೂರಲಿಲ್ಲ. ಮೆಟ್ಟಿಲಿಳಿಯುವಾಗ ಎಡಗಾಲು ಎಳೆಯುತ್ತಿತ್ತು. ಒಳಗೆ ಅವನೊಬ್ಬನಿಗೆ ಅದು ಕೇಳಿಸಿತು.

ಅವನು ಫೋನು ಮಾಡಿದ. ಅವಳು ಎತ್ತಲಿಲ್ಲ. ನಿರ್ದೇಶಕಿಯೂ ಮಾಡಿದರು. ಅದನ್ನೂ ಎತ್ತಲಿಲ್ಲ. ಆ್ಯಪಿನವರು ಕೊಟ್ಟ ದಿನಾಂಕ ಯಾರಿಗಾಗಿಯೂ ಕಾಯುವಂತಿರಲಿಲ್ಲ. ಐಸಿಸ್‌ಳ ಮಾತುಗಳನ್ನೆಲ್ಲ ನೆಫ್ತಿಸ್ ಹುಡುಗಿಯಿಂದ ಹೊಸದಾಗಿ ಹೇಳಿಸಿದರು. ನೆಫ್ತಿಸ್‌ಗೆ ಬೇರೆ ಯಾರನ್ನೋ ತಂದರು. ಅಳುವುದನ್ನೂ ಮಾಡಿಸಿ ನೋಡಿದರು. ಹುಡುಗಿ ಚೆನ್ನಾಗಿಯೇ ಅತ್ತಳು. ಅತ್ತು ಮುಗಿಸಿ, "ಬೇಡ ಮೇಡಂ, ಆ ಹಳೇದೇ ಇರಲಿ. ಅದರ ಮುಂದೆ ನಂದು ಜಲದೋಷ ಆದಂಗಿದೆ," ಎಂದು ಅವಳೇ ಹೇಳಿದಳು.

ಹಾಗೆ ಮಾತು ಒಬ್ಬಳದ್ದು, ಅಳು ಇನ್ನೊಬ್ಬಳದ್ದು ಆಗಿ ಕಂತು ಹೊರಬಂತು.

ಅವಳು ಕೇಳಲಿಲ್ಲ. ವಾಷಿಂಗ್ ಮಷೀನಿನವರ ಬೈಗುಳ ಕೇಳಿದಳು, ನಗುವ ದನಿಯಲ್ಲಿ ಕ್ಷಮೆ ಕೇಳಿದಳು, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಪಾತ್ರ ಹೋದದ್ದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಆ 'ಇಲ್ಲ' ಎಂಬ ಮಾತು. ಎಷ್ಟು ಸಲೀಸಾಗಿ ಅಂದಿದ್ದ...

ಒಂದು ಭಾನುವಾರ ಅಕ್ಕ ಬಟ್ಟೆ ಮಡಚುತ್ತ ಫೋನಿನಲ್ಲಿ ನಾಟಕ ಹಾಕಿಕೊಂಡಿದ್ದಳು. ಅವಳು ಎದ್ದು ಹೋಗಬೇಕೆನ್ನುವಷ್ಟರಲ್ಲಿ ಅಳು ಶುರುವಾಯಿತು. ಅಕ್ಕನ ಕೈ ನಿಂತಿತು.

"ಇದು ನೀನೇ ಅಲ್ವಾ?"

"ಅಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಮಾತು ಬೇರೆಯವರದ್ದು. ಅಳು ನಿಂದು."

"ಅಕ್ಕಾ, ನಾನು ಅತ್ತಿದ್ದು ನೀನು ಯಾವತ್ತು ನೋಡಿದೀಯ?"

"ನೋಡಿಲ್ಲ. ಆದ್ರೆ ಕೊನೆಗೆ ಉಸಿರೆಳ್ಕೊಳ್ಳೋದು ಕೇಳು." ಅಕ್ಕ ಮತ್ತೆ ಹಾಕಿದಳು. "ಚಿಕ್ಕವಳಿದ್ದಾಗಿಂದ ನಿಂದು ಹಿಂಗೇ ಅಲ್ವಾ? ಅಮ್ಮ ನಿನ್ನ ಬ್ರೇಕು ಅಂತ ಆಡಿಕೊಳ್ತಿದ್ದಿದ್ದು? ಒಂದೇ ಹೊಟ್ಟೇಲಿ ಹುಟ್ಟಿದೀನಿ ಕಣೆ, ನಂಗೆ ಗೊತ್ತಾಗಲ್ವಾ?"

ಅವಳು ಕೇಳಿದಳು. ಮತ್ತೆ ಕೇಳಿದಳು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಸ್ಟುಡಿಯೋದಲ್ಲಿ ಅವನೊಬ್ಬನೇ ಇದ್ದ. ಹರಿದ ಕೊಡೆಗೆ ಟೇಪು ಅಂಟಿಸುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

"ಆಮೇಲೆ ಅಂದ್ರಲ್ಲ," ಎಂದಳು. "ಈಗ ಆಮೇಲೆ ಆಗಿದೆ. ಹೇಳಿ."

ಅವನು ಕಂಪ್ಯೂಟರಿನತ್ತ ತಿರುಗಿ ಆ ಅಳುವನ್ನು ಹಾಕಿದ. ಬಾವಿಯೊಳಗಿನ ಹೆಂಗಸು ಅತ್ತಳು. ಅವನು ವೇಗ ಸ್ವಲ್ಪ ಏರಿಸಿದ. ಹೆಂಗಸು ಬಿಕ್ಕಿದಳು. ಇನ್ನೂ ಏರಿಸಿದ. ಬಿಕ್ಕುವುದೋ ನಗುವುದೋ ಗೊತ್ತಾಗದಂತಾಯಿತು. ಇನ್ನೊಂದಿಷ್ಟು ಏರಿಸಿದ.

ನಗು. ಮೂರ್ನಾಲ್ಕು ಅಲೆಗಳು, ಕೊನೆಗೆ ಬ್ರೇಕು.

ಅವಳು ಹತ್ತಿರದ ಸ್ಟೂಲು ಎಳೆದು ಕೂತಳು.

"ಬೇರೆಯವರದ್ದು ಹಾಕಲ್ಲ ಅಂದಿದ್ದೆ," ಎಂದ ಅವನು. "ಹಾಕಿಲ್ಲ."

"ಎಲ್ಲಿಂದ ಬಂತು ಇದು?"

"ಹಾಳಾದ ಮೌನಗಳಿಂದ. ಪ್ರತಿ ಸಲ ನೀವು ನಕ್ಕಿದ್ದು, ನಿಧಾನ ಮಾಡಿ."

"ಅದನ್ನೆಲ್ಲ ಇಟ್ಕೊಂಡಿದ್ರಾ?"

"ಹೂಂ."

"ಯಾಕೆ?"

ಅವನು ಕೊಡೆಯ ಕಡ್ಡಿಯನ್ನು ನೆಟ್ಟಗೆ ಮಾಡತೊಡಗಿದ. ಅದು ಮೊದಲೇ ನೆಟ್ಟಗಿತ್ತು.

"ಡಿಲೀಟ್ ಮಾಡಕ್ಕೆ ಕೈ ಬರಲಿಲ್ಲ. ಮೊದಮೊದಲು ಕೆಲಸಕ್ಕೆ ಬರತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಕೆಲಸಕ್ಕಲ್ಲ. ಬಸ್ಸಲ್ಲಿ ಕೇಳ್ತಿದ್ದೆ."

ಅವಳ ಎದೆ ಒಂದು ಹೆಜ್ಜೆ ತಪ್ಪಿತು. ಆದರೆ ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಲ್ಲ.

"ನನ್ನ ಕೇಳದೆ ತಗೊಂಡ್ರಿ. ಕೇಳದೆ ಅಳು ಮಾಡಿದ್ರಿ. ಫೋನೂ ಎತ್ತಲಿಲ್ಲ."

"ತಪ್ಪು," ಎಂದ. ಸಮಜಾಯಿಷಿ ಹೇಳಲಿಲ್ಲ. "ಮೊದಲೇ ಹೇಳಿದ್ರೆ ಬೇಡ ಅಂತೀರೇನೋ, ಪಾತ್ರ ಹೋಗತ್ತೇನೋ ಅಂತ ಹೆದರಿದೆ. ಕೊನೆಗೆ ನನ್ನಿಂದಲೇ ಹೋಯ್ತು."

"ನಾನೂ ಕಾಯಲಿಲ್ಲ," ಎಂದಳು ಅವಳು.

ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅವಳು ನೆಲ ನೋಡುತ್ತ ಬಚ್ಚಲುಮನೆಯ ಕಥೆ ಹೇಳಿದಳು. ಅಕ್ಕನ ಹೊರತು ಯಾರಿಗೂ ಹೇಳಿರಲಿಲ್ಲ. ಅಮ್ಮ ಹೊರಗೆ ಮಲಗಿದ್ದದ್ದು, ಬಾಗಿಲ ಚಿಲಕ, ಬಕೆಟ್ಟು, ತನ್ನ ಬಾಯಿಂದ ಬಂದ ಆ ನಗು, ಆಮೇಲಿನ ಹೆಸರು.

ಅವನು ಪೂರ್ತಿ ಕೇಳಿಸಿಕೊಂಡ. ಕೇಳುವುದು ಅವನಿಗೆ ಗೊತ್ತಿದ್ದ ಕೆಲಸ.

"ಅದೂ ಹಿಂಗೇ ಇತ್ತಾ? ಅಲೆ ಅಲೆಯಾಗಿ?"

"ಹೂಂ."

"ಹಾಗಾದ್ರೆ ಅವತ್ತು ನೀವು ಅತ್ತಿದ್ದೀರಿ," ಎಂದ. "ಸ್ಪೀಡು ಸ್ವಲ್ಪ ಜಾಸ್ತಿ ಆಗಿತ್ತು, ಅಷ್ಟೆ."

ಅವಳಿಗೆ ಕಣ್ಣೀರು ಆಗಲೂ ಬರಲಿಲ್ಲ. ಎದೆಯ ಮೇಲೆ ಕೂತಿದ್ದವರು ಯಾರೋ ಎದ್ದು ಆಚೆ ಹೋದಂತಾಯಿತು.

"ಪಾತ್ರ ವಾಪಸ್ ಸಿಗಲ್ಲ ಅಲ್ವಾ?"

"ಸಿಗಲ್ಲ. ಆ ಹುಡುಗಿ ಮುಂದಿನ ಕಂತುಗಳನ್ನೂ ಹೇಳಿ ಮುಗಿಸಿದಳು. ಮೇಡಂಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ. ಅಳು ಮಾತ್ರ ನಿಮ್ಮದೇ ಇದೆ. ಬೇಡ ಅಂದ್ರೆ ಇವತ್ತೇ ತೆಗೆದುಹಾಕ್ತೀನಿ."

ಅವಳು ಯೋಚಿಸಿದಳು. ತನ್ನ ಬಾಯಿಗೆ ಬೇರೆಯವರ ಅಳು ಬೇಡವೆಂದು ಜಗಳವಾಡಿದ್ದಳು. ಈಗ ಬೇರೆಯವಳ ಬಾಯಲ್ಲಿ ತನ್ನ ಅಳು.

"ಇರಲಿ ಬಿಡಿ," ಎಂದಳು. "ನದಿ ಹರಿಯೋದು ಬೇಡ್ವಾ?"

ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

"ಇವತ್ತಿನ ಮೌನ ಇನ್ನೂ ತಗೊಂಡಿಲ್ಲ," ಎಂದ. "ನಿಂತ್ಕೊತೀರಾ?"

"ಎಲ್ಲಿ? ಒಳಗಾ?"

"ಇಲ್ಲೇ. ಈಚೆ ಕಡೆ."

ಅವನು ಗುಂಡಿ ಒತ್ತಿದ. ಇಬ್ಬರೂ ಪಕ್ಕಪಕ್ಕ ನಿಂತರು. ನಡುವೆ ಗಾಜು ಇರಲಿಲ್ಲ. ಅವಳೇ ಕೈ ಚಾಚಿ ಅವನ ಬೆರಳು ಹಿಡಿದಳು, ಮರಳಿನಲ್ಲಿ ತನ್ನ ನಡಿಗೆ ನಡೆದಿದ್ದ ಅವೇ ಎರಡು ಬೆರಳು. ತುಟಿ ಕಚ್ಚಿಕೊಂಡಳು. ಈ ಸಲ ನಗುವುದಿಲ್ಲ ಎಂದು ತೀರ್ಮಾನಿಸಿದ್ದಳು. ನಗಲೂ ಇಲ್ಲ.

ಗುರ್ ಎಂದಿತು ಹೊಟ್ಟೆ.

ಅವನು ಕಣ್ಣು ಮುಚ್ಚಿಕೊಂಡ. "ಊಟ ಮಾಡಿಲ್ವಾ?"

"ಎರಡು ದಿನದಿಂದ ಸೇರ್ತಿಲ್ಲ. ಬಾಳೆಹಣ್ಣು ಇದೆಯಾ ನಿನ್ನ ಹತ್ರ?"

'ನಿನ್ನ' ಎಂದದ್ದು ಅವನಿಗೆ ಕೇಳಿಸಿತು. ಅವನಿಗೆ ಕೇಳಿಸದೆ ಇರುತ್ತದೆಯೇ.

"ಇದೆ," ಎಂದ. "ಎರಡಿವೆ. ಒಂದು ನಿನಗೆ."

ಅವಳು ಆಗ ನಕ್ಕಳು, ಬ್ರೇಕು ಬೀಳುವ ತನಕ. ಮೈಕು ಆನ್ ಇತ್ತು. ಇಬ್ಬರೂ ಅದನ್ನು ಆಫ್ ಮಾಡಲಿಲ್ಲ.

ಆ ನಾಟಕದಲ್ಲಿ ಅವಳು ಕಳೆದುಕೊಂಡದ್ದು ಒಟ್ಟು ಇಷ್ಟು: ಒಂದು ಪಾತ್ರ, ಅದರ ಉಳಿದ ಎಂಟು ಕಂತು, ಮತ್ತು ಅವತ್ತು ಹಾಳಾದ ಆ ಒಂದು ನಿಮಿಷದ ಮೌನ.